ನೇರಳೆಯ ಒಗರು, ಬಿಸಿಲಿನ ಪಾಲು

ಕೆಂಗೇರಿ ದಾಟಿ ಕುಂಬಳಗೋಡಿನತ್ತ ಹೊರಟರೆ ಹಳೇ ಮೈಸೂರು ರಸ್ತೆ ಒಂದೊಂದಾಗಿ ತನ್ನ ವಾಸನೆಗಳನ್ನು ಬಿಚ್ಚುತ್ತದೆ. ಮೊದಲು ವೃಷಭಾವತಿ ಹೊಳೆಯ ನಾತ. ಆಮೇಲೆ ಕಾರ್ಖಾನೆಗಳ ರಬ್ಬರು, ಎಣ್ಣೆ, ಲಾರಿಗಳ ಹೊಗೆ. ಗಾಳಿ ಅನುಕೂಲವಾಗಿ ಬೀಸಿದ ದಿನ ಕಂಬೀಪುರದ ಆಸುಪಾಸಿನಲ್ಲಿ ಬೇಯಿಸಿದ ಧಾನ್ಯದ, ಹುಳಿ ಬಂದ ಹಿಟ್ಟಿನ ಘಮ. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ, ರಾಮನಗರದಲ್ಲಿ ರೇಷ್ಮೆಗೂಡು ಬೇಯುವ ಗಾಢ ವಾಸನೆ, ಚನ್ನಪಟ್ಟಣದಲ್ಲಿ ತಿರುಗುವ ಮರದ ಮೇಲೆ ಕರಗುವ ಅರಗು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿಗೆ ಹೋಗುವವರು ಕಾರಿನ ಗಾಜು ಏರಿಸಿಕೊಂಡು ಇವೆಲ್ಲವನ್ನೂ ದಾಟಿ ಹಾರಿಹೋಗುತ್ತಾರೆ. ಹಳೇ ರಸ್ತೆಗೆ ಇಳಿದವರ ಮೂಗಿಗೆ ಮಾತ್ರ ಕೆಲಸ.

ಏಪ್ರಿಲ್ ಹೊತ್ತಿಗೆ ಈ ಸೀಮೆಯಲ್ಲಿ ಎಲ್ಲಕ್ಕೂ ಅವಸರ. ರಾಮನಗರದ ಗೂಡಿನ ಮಾರುಕಟ್ಟೆಗೆ ರೈತ ಬೆಳ್ಳಂಬೆಳಗ್ಗೆಯೇ ಚೀಲ ಇಳಿಸುತ್ತಾನೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದರೆ ಎಳೆ ತುಂಡಾಯಿತು, ದುಡ್ಡು ಹೋಯಿತು. ಮಾಗಡಿ, ಕನಕಪುರದ ತೋಪುಗಳಲ್ಲಿ ಮಾವು ಇವತ್ತು ದೋರಗಾಯಿ, ನಾಳೆ ಹಣ್ಣು, ನಾಡಿದ್ದು ನೆಲದ ಪಾಲು. ಅವಸರವಿಲ್ಲದ್ದು ಬಂಡೆಗಳಿಗೆ ಮಾತ್ರ. ಸಾವನದುರ್ಗ, ರಾಮದೇವರ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಅದನ್ನು ಬಿಟ್ಟುಕೊಡುವುದೇ ಈ ಬಂಡೆಗಳ ದಿನಚರಿ. ಇವುಗಳ ಸೀಮೆಯ ಹೊಸ್ತಿಲಲ್ಲಿ, ಕಂಬೀಪುರದ ಗೋದಾಮುಗಳಲ್ಲಿ ಸಾಲು ಹಿಡಿದು ಮಲಗಿರುವ ಓಕ್ ಮರದ ಪೀಪಾಯಿಗಳ ದಿನಚರಿಯೂ ಅದೇ. ಅವು ಹೀರುವುದು, ಬಿಡುವುದು ವಿಸ್ಕಿಯನ್ನು.

ಗೋದಾಮು ಅಮೃತ್ ಡಿಸ್ಟಿಲರೀಸ್‌ನದು. 1948ರಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ. ಕಂಬೀಪುರದ ಭಟ್ಟಿ ಎದ್ದದ್ದು 1987ರಲ್ಲಿ. ರಮ್, ಬ್ರಾಂದಿಗಳಿಂದ ಬದುಕಿದ ಮನೆತನಕ್ಕೆ ಸಿಂಗಲ್ ಮಾಲ್ಟ್‌ನ ಹುಚ್ಚು ಹತ್ತಿದ್ದು ಮೂರನೇ ತಲೆಮಾರಿನಲ್ಲಿ. ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದಾಗ ಅಲ್ಲಿನ ಭಾರತೀಯ ಹೋಟೆಲುಗಳಲ್ಲಿ ಭಾರತದ ಮಾಲ್ಟ್ ಮಾರಬಹುದೇ ಎಂಬುದನ್ನೇ ಪ್ರಬಂಧದ ವಿಷಯ ಮಾಡಿಕೊಂಡರು. ತಂದೆ ನೀಲಕಂಠ ರಾವ್ ಜಗದಾಳೆ ಆ ಕಾಗದವನ್ನು ಕಪಾಟಿನಲ್ಲಿಡಲಿಲ್ಲ. 2004ರ ಆಗಸ್ಟ್ 24ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಕೆಫೆ ಇಂಡಿಯಾ ಎಂಬ ಹೋಟೆಲಿನಲ್ಲಿ, ಮೈಸೂರು ರಸ್ತೆಯ ವಿಸ್ಕಿ ವಿಸ್ಕಿಯ ತವರಿನವರ ಮುಂದೆ ಕೂತಿತು. ಬೆಂಗಳೂರಿನವರಿಗೆ ಅದು ಅಂಗಡಿಯಲ್ಲಿ ಸಿಕ್ಕಿದ್ದು 2010ರಲ್ಲಿ. ಮನೆಯ ಮಗಳನ್ನು ಊರವರು ಕೊನೆಯಲ್ಲಿ ನೋಡಿದರು.

ಮಾಲ್ಟ್ ನಮಗೆ ತೀರ ಹೊಸದೇನಲ್ಲ. ಮಾಗಡಿ, ಕನಕಪುರದ ಮನೆಗಳಲ್ಲಿ ಕೂಸಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲ, ಹಾಗೆಯೇ ಇದು. ಮೊಳಕೆಯೊಡೆಯುವಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುವ ದಾರಿ ತೆರೆಯುತ್ತದೆ. ಕೂಸಿನ ಗಂಜಿ ಸಿಹಿಯಲ್ಲಿ ನಿಲ್ಲುತ್ತದೆ. ಇಲ್ಲಿ ಆ ಸಿಹಿನೀರಿಗೆ ಯೀಸ್ಟ್ ಬಿಟ್ಟು ಹುಳಿ ಬರಿಸಿ, ತಾಮ್ರದ ದೊಡ್ಡ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಬಾರ್ಲಿ ಬರುವುದು ಪಂಜಾಬ್, ಹರಿಯಾಣ, ರಾಜಸ್ಥಾನಗಳಿಂದ. ಒಂದೇ ಭಟ್ಟಿಯಲ್ಲಿ, ಮೊಳಕೆ ಬಾರ್ಲಿಯೊಂದರಿಂದಲೇ ಇಳಿದದ್ದು ಸಿಂಗಲ್ ಮಾಲ್ಟ್. ಹಂಡೆಯಿಂದ ಇಳಿದಾಗ ಅದಕ್ಕೆ ಬಣ್ಣವಿಲ್ಲ, ನೀರಿನಷ್ಟು ತಿಳಿ, ಗಂಟಲು ಸುಡುವಷ್ಟು ಖಾರ. ಉಳಿದ ಪಾಠವೆಲ್ಲ ಮರದ್ದು.

ಸಾಮಾನ್ಯವಾಗಿ ಮೊದಲ ಪಾಠಕ್ಕೆ ಅಮೆರಿಕದ ಬರ್ಬನ್ ವಿಸ್ಕಿ ತುಂಬಿಟ್ಟಿದ್ದ ಪೀಪಾಯಿ. ಬರ್ಬನ್ನನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು ಅಲ್ಲಿನ ಕಾನೂನು. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ಅವರಿಗೆ ಬೇಡ, ಪ್ರಪಂಚಕ್ಕೆಲ್ಲ ಬೇಕು. ಸುಟ್ಟ ಓಕ್‌ನಿಂದ ವೆನಿಲ್ಲಾ, ಜೇನು, ಕೊಬ್ಬರಿಯ ಪರಿಮಳಗಳು ಇಳಿಯುತ್ತವೆ. ಹೀಗೆ ಕೆಲವು ವರ್ಷ ಮಾಗಿದ್ದನ್ನು ಕೊನೆಯ ಕೆಲವು ತಿಂಗಳು ಕೆಂಪು ವೈನ್ ಕುಡಿದು ತೊಯ್ದ ಇನ್ನೊಂದು ಪೀಪಾಯಿಗೆ ವರ್ಗಾಯಿಸಿದರೆ ಅದಕ್ಕೆ ವೈನ್ ಕಾಸ್ಕ್ ಫಿನಿಶ್ ಎನ್ನುತ್ತಾರೆ. ಪೀಪಾಯಿಯ ಹಲಗೆ ಎಷ್ಟೋ ಲೀಟರ್ ವೈನನ್ನು ತನ್ನೊಳಗೆ ಹಿಡಿದಿಟ್ಟಿರುತ್ತದೆ. ವಿಸ್ಕಿ ಅದನ್ನು ಎಳೆದುಕೊಳ್ಳುತ್ತದೆ: ದ್ರಾಕ್ಷಿ ಸಿಪ್ಪೆಯ ಬಣ್ಣ, ಹಣ್ಣಿನ ಸಿಹಿ, ಬೀಜದ ಒಗರು.

ಎಷ್ಟು ದಿನ ಎಳೆದುಕೊಳ್ಳಲು ಬಿಡಬೇಕು ಎಂಬಲ್ಲೇ ಇಡೀ ಕಸುಬು ನಿಂತಿದೆ. ಕಡಿಮೆಯಾದರೆ ಬಣ್ಣ ಮಾತ್ರ ಬಂದು ರುಚಿ ಬಾರದು. ಹೆಚ್ಚಾದರೆ ಬಾರ್ಲಿ ಮುಳುಗಿ, ಕುಡಿದವನಿಗೆ ಖಾರದ ದ್ರಾಕ್ಷಾರಸವಷ್ಟೇ ಸಿಗುತ್ತದೆ. ಸ್ಕಾಟ್ಲೆಂಡಿನ ತಣ್ಣನೆಯ ಗೋದಾಮಿನಲ್ಲಿ ಇದನ್ನು ನಿಧಾನವಾಗಿ ಕಾದು ನೋಡಬಹುದು. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದ ನಮ್ಮ ಪ್ರಸ್ಥಭೂಮಿಯಲ್ಲಿ ಹಗಲಿನ ಕಾವಿಗೆ ಮದ್ಯ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ರಾತ್ರಿಯ ತಂಪಿಗೆ ಹಿಂದಕ್ಕೆ ಬರುತ್ತದೆ. ಇಲ್ಲಿನ ಒಂದು ವರ್ಷ ಅಲ್ಲಿನ ಹಲವು ವರ್ಷಗಳ ಕೆಲಸ ಮಾಡಿಬಿಡುತ್ತದೆ. ಅದಕ್ಕೆ ತಕ್ಕ ಸುಂಕವನ್ನೂ ವಸೂಲಿ ಮಾಡುತ್ತದೆ. ಪೀಪಾಯಿಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುವುದನ್ನು ಕಸುಬಿನವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ 2ರ ಆಸುಪಾಸು, ಬೆಂಗಳೂರಿನಲ್ಲಿ ಶೇ 10ರಿಂದ 12. ಲೆಕ್ಕ ಹಾಕಿದರೆ ಇಲ್ಲಿ ನಾಲ್ಕು ವರ್ಷಕ್ಕೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಪಾಲು. 2013ರಲ್ಲಿ ಎಂಟು ವರ್ಷದ ಒಂದು ಮಾಲ್ಟನ್ನು ಅಮೃತ್ ಹೊರತಂದಾಗ ತುಂಬಿಟ್ಟಿದ್ದ 360 ಲೀಟರ್‌ನಲ್ಲಿ 274 ಲೀಟರ್ ಹೋಗಿಬಿಟ್ಟಿತ್ತು. ಆದದ್ದು 144 ಬಾಟಲಿ. ಅದಕ್ಕೆ ಗ್ರೀಡಿ ಏಂಜಲ್ಸ್, ಅಂದರೆ ದುರಾಸೆಯ ದೇವತೆಗಳು, ಎಂದೇ ಹೆಸರಿಟ್ಟರು.

ಮಾಗಡಿ ಕಡೆಯ ಒಂದು ಮಾವಿನ ತೋಪಿನಲ್ಲಿ, ಪಂಪ್‌ಹೌಸಿನ ಮುಂದಿನ ಜಗಲಿಯ ಮೇಲೆ ನಾವು ಮೂವರು ರುಚಿ ನೋಡಲು ಕೂತಾಗ ಸೂರ್ಯ ಸಾವನದುರ್ಗದ ಬೆನ್ನಿಗೆ ಇಳಿಯುತ್ತಿದ್ದ. ತೋಪು ಗೆಳೆಯನದು. ಜೊತೆಗೆ ಅವನ ದೊಡ್ಡಪ್ಪ. ಹರೆಯದಲ್ಲಿ ಈಚಲು ಮರದ ಬುಡದಲ್ಲಿ ಹೆಂಡ ಕುಡಿದು, ಆಮೇಲೆ ಸಾರಾಯಿ ಕುಡಿದು, ಈಗ ಎರಡನ್ನೂ ಬಿಟ್ಟು ಹಬ್ಬಕ್ಕೊಮ್ಮೆ ಒಂದು ಗುಟುಕಿಗೆ ನಿಂತ ಹಿರಿಯ. ಗೆಳೆಯ ತಂದದ್ದು ಅಮೃತ್‌ನ ಪೋರ್ಟೊನೋವಾ. 2011ರಲ್ಲಿ ಮೊದಲ ಸಲ ಹೊರಬಂದ ಮಾಲ್ಟ್ ಇದು. ಬರ್ಬನ್ ಪೀಪಾಯಿಯಲ್ಲೂ ಹೊಸ ಓಕ್‌ನಲ್ಲೂ ಮಾಗಿ, ಪೋರ್ಚುಗಲ್‌ನಿಂದ ಬಂದ ಪೋರ್ಟ್ ವೈನಿನ ಪೀಪಾಯಿಗೆ ಇಳಿದು, ಮತ್ತೆ ಬರ್ಬನ್ ಪೀಪಾಯಿಗೆ ಮರಳಿ ಬಾಟಲಿ ಸೇರಿದ್ದು. ಪೋರ್ಟ್ ಎಂದರೆ ಹುಳಿ ಬರುತ್ತಿರುವಾಗಲೇ ದ್ರಾಕ್ಷಿಯ ಬ್ರಾಂದಿ ಸುರಿದು ಸಿಹಿಯನ್ನು ಉಳಿಸಿಕೊಂಡ ಗಟ್ಟಿ ಕೆಂಪು ವೈನ್. ಬಾಟಲಿಯ ಮೇಲಿದ್ದ ಮದ್ಯಸಾರದ ಪ್ರಮಾಣ ಶೇ 62.1. ಪೀಪಾಯಿಯಿಂದ ಬಂದಂತೆ, ನೀರು ಬೆರೆಸದೆ ತುಂಬಿದ ಮದ್ಯ.

ದೊಡ್ಡಪ್ಪ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರು. ತಾಮ್ರಕ್ಕೆ ಒಂದು ಚಿಟಿಕೆ ಕುಂಕುಮ ಕಲಸಿದ ಬಣ್ಣ. ಲೋಟವನ್ನು ಓರೆ ಮಾಡಿ ನೆಟ್ಟಗೆ ಹಿಡಿದಾಗ ಗಾಜಿನ ಒಳಮೈಯಲ್ಲಿ ದಪ್ಪ ಹನಿಗಳು ಅವಸರವಿಲ್ಲದೆ ಇಳಿದವು.

‘ಬಣ್ಣ ನೋಡಿದ್ರೆ ಕಷಾಯ ಇದ್ದಂಗೈತೆ. ಇದಕ್ಕೆ ಅಷ್ಟೊಂದು ದುಡ್ಡಾ?’

‘ಒಂದೇ ಗುಕ್ಕಿಗೆ ಎತ್ಬೇಡ ದೊಡ್ಡಪ್ಪ. ಮೊದ್ಲು ಮೂಸಿ ನೋಡು.’

‘ಮೂಸಕ್ಕೆ ನಾನೇನ್ ನಾಯೇನ್ಲಾ?’

ಅಂದರೂ ಮೂಸಿದರು. ಮೂಗನ್ನು ಲೋಟದೊಳಕ್ಕೇ ಇಳಿಸಿದ್ದರಿಂದ ಉರಿ ತಾಗಿ ತಲೆ ಹಿಂದಕ್ಕೆ ಹೋಯಿತು. ಇಷ್ಟು ಬಿರುಸಾದ ಮದ್ಯವನ್ನು ಮೂಸುವಾಗ ಲೋಟ ಗದ್ದದ ಹತ್ತಿರ ನಿಲ್ಲಬೇಕು, ಬಾಯಿ ಅರ್ಧ ತೆರೆದಿರಬೇಕು. ಆಗ ಸುಡುವ ಆವಿ ಪಕ್ಕಕ್ಕೆ ಸರಿದು ಪರಿಮಳ ಒಂದೊಂದಾಗಿ ಮುಂದೆ ಬರುತ್ತದೆ. ನನಗೆ ಮೊದಲು ಸಿಕ್ಕಿದ್ದು ಒಣದ್ರಾಕ್ಷಿ. ಅದರ ಹಿಂದೆ ಬೆಲ್ಲದ ಪಾಕ, ಚೂರು ಲವಂಗ, ಆಗಷ್ಟೇ ಕೊಯ್ದ ಮರದ ಪುಡಿ. ಎಲ್ಲಕ್ಕೂ ತಳದಲ್ಲಿ, ಕಳಿತು ಸಿಪ್ಪೆ ಕಪ್ಪಾದ ಏಲಕ್ಕಿ ಬಾಳೆ.

ಗೆಳೆಯ ಚಮಚದಿಂದ ಒಂದಿಷ್ಟು ನೀರು ಬಿಟ್ಟ. ನೀರು ಬೆರೆತಲ್ಲಿ ಎಣ್ಣೆಯ ಸುಳಿಗಳು ಕಾಣಿಸಿ ಮಾಯವಾದವು. ಗಡಸು ಮದ್ಯದಲ್ಲಿ ಮುಳುಗಿ ಕೂತಿದ್ದ ಪರಿಮಳದ ಅಣುಗಳು ನೀರು ಸೇರಿದೊಡನೆ ಮೇಲಕ್ಕೆ ಬರುತ್ತವೆ. ಬಂದದ್ದು ಕೆಂಪು ಹಣ್ಣಿನ ವಾಸನೆ. ಪುಸ್ತಕಗಳಲ್ಲಿ ಇದಕ್ಕೆ ಪ್ಲಮ್, ಚೆರ್ರಿ, ಬ್ಲ್ಯಾಕ್‌ಕರಂಟ್ ಎಂದು ಬರೆದಿರುತ್ತಾರೆ. ಬ್ಲ್ಯಾಕ್‌ಕರಂಟನ್ನು ನಾನು ಐಸ್‌ಕ್ರೀಮಿನ ಬೋರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ದೊಡ್ಡಪ್ಪನಿಗೆ ಆ ತೊಂದರೆಯೇ ಇರಲಿಲ್ಲ. ಒಂದು ಗುಟುಕು ಬಾಯಿಯೊಳಗೆ ಹೊರಳಿಸಿ ನುಂಗಿ, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಿಗೆ ಒತ್ತಿ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದರು:

‘ಮೊದ್ಲು ಉರಿತೈತೆ, ಆಮ್ಯಾಕೆ ಸೀ. ಕೊನೇಗೆ ನೇರಳೆ ಹಣ್ಣು ತಿಂದಂಗೆ ನಾಲ್ಗೆ ಹಿಡ್ಕತೈತೆ ಕಣ್ಲಾ.’

ನಾನು ಇನ್ನೊಂದು ಗುಟುಕು ತೆಗೆದುಕೊಂಡು ಅವರ ಮಾತಿನ ಬೆನ್ನು ಹಿಡಿದೆ. ಮೊದಲ ಉರಿ ಕಾಳುಮೆಣಸಿನದು, ನಾಲಿಗೆಯ ತುದಿಗೆ. ಅದು ಇಳಿಯುವಷ್ಟರಲ್ಲಿ ಸಿಹಿ ಬಂತು: ತಳ ಹತ್ತುವ ಹಂತಕ್ಕೆ ಬಂದ ಸಕ್ಕರೆ ಪಾಕ, ಕಹಿ ಚಾಕೊಲೇಟು, ಬಾರ್ಲಿಯ ಹುರಿದ ರುಚಿ. ನುಂಗಿ ಎಷ್ಟೋ ಹೊತ್ತಾದ ಮೇಲೂ ಒಸಡಿನ ಮೇಲೆ, ಕೆನ್ನೆಯ ಒಳಬದಿಯಲ್ಲಿ ಒಗರು ಉಳಿದಿತ್ತು. ಇದು ಟ್ಯಾನಿನ್‌ನ ಕೆಲಸ. ದ್ರಾಕ್ಷಿಯ ಸಿಪ್ಪೆ ಬೀಜಗಳಲ್ಲೂ ಓಕ್ ಮರದಲ್ಲೂ ಅದು ಇರುತ್ತದೆ. ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ಕಿತ್ತುಕೊಳ್ಳುತ್ತದೆ. ಅಡಿಕೆ, ನೇರಳೆ, ಬಾಳೆಹೂವು, ಎಳೆ ಗೋಡಂಬಿ ಹಣ್ಣು ತಿಂದು ಬೆಳೆದ ನಾಲಿಗೆಗೆ ಒಗರೆಂದರೆ ಬೇಡದ ರುಚಿಯೇನಲ್ಲ. ಕೆಂಪು ವೈನಿನ ಪೀಪಾಯಿ ವಿಸ್ಕಿಗೆ ಕೊಡುವ ಕಾಣಿಕೆಯಲ್ಲಿ ಬಣ್ಣ, ಸಿಹಿಗಳನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಒಗರನ್ನು ಗುರುತಿಸಿ ಮೆಚ್ಚಲು ನಮ್ಮವರೇ ಸರಿ.

ಹುರಿದ ಕಡ್ಲೆಕಾಯಿ ಬಿಟ್ಟರೆ ಮುಂದೆ ಬೇರೇನೂ ಇರಲಿಲ್ಲ. ಒಳಗೆ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿತ್ತು, ಅದರ ಮಸಾಲೆಯ ಮುಂದೆ ಯಾವ ವಿಸ್ಕಿಯೂ ನಿಲ್ಲಲಾರದು. ಲೋಟ ತೊಳೆದಿಟ್ಟ ಮೇಲೆಯೇ ಮುದ್ದೆಯ ಸರದಿ ಎಂದು ಗೆಳೆಯ ಕರಾರು ಮಾಡಿದ್ದ. ಮಾತು ಗೋದಾಮಿನ ಕಡೆಗೆ ಹೊರಳಿತು. 360 ಲೀಟರ್‌ನಲ್ಲಿ 274 ಆವಿಯಾದ ಕಥೆ ಹೇಳಿದೆ. ದೊಡ್ಡಪ್ಪನಿಗೆ ದೇವತೆಗಳ ಮೇಲೆ ಬಂದ ಅಪವಾದ ಹಿಡಿಸಲಿಲ್ಲ.

‘ದ್ಯಾವ್ರ ಮ್ಯಾಲ್ಯಾಕಪ್ಪ ಆಕ್ತೀರಾ? ಮುಕ್ಕಾಲು ಪಾಲು ಕುಡ್ದೋನು ಆ ಬಿಸ್ಲು. ಅವನೇ ಕುಡುಕ.’

ಈ ಸೀಮೆಯ ಕುಡಿತದ ಚರಿತ್ರೆಯಲ್ಲಿ 2007 ಒಂದು ವಿಚಿತ್ರ ವರ್ಷ. ಆ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ಹೊಸ ಜಿಲ್ಲೆಯಾಯಿತು; 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಸರ್ಕಾರ ತಂದಿತು. ಒಂದು ಕೈಯಲ್ಲಿ ಕೂಲಿಯವನ ಪ್ಯಾಕೆಟ್ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಉದ್ದ ಕಾಲಿನ ವೈನ್ ಲೋಟ ನೀಡಿದಂತಾಯಿತು ಎಂದು ಯಾರಾದರೂ ನಕ್ಕರೆ ತಪ್ಪಿಲ್ಲ. ಸಾರಾಯಿ ಹಾಳುಮಾಡಿದ ಮನೆಗಳನ್ನು ಕಂಡವರು ನಗಲಾರರು. ಸಿಂಗಲ್ ಮಾಲ್ಟ್ ಬಗ್ಗೆ ಬರೆಯುವಾಗ ಈ ಎರಡೂ ನೆನಪಿರಬೇಕು: ಇದು ಕೆಲವರ ಸಂಜೆಯ ವಿಲಾಸ, ಊರಿನ ಬದುಕಿನ ಅಳತೆಗೋಲಲ್ಲ. ಆದರೆ ಆ ವೈನ್ ನೀತಿಯ ಫಲವಾಗಿ ರೈತನಿಗೆ ಇನ್ನೊಂದು ಬೆಳೆಯ ದಾರಿ ತೆರೆದದ್ದೂ ನಿಜ.

ಚನ್ನಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲೇ ಹೆರಿಟೇಜ್ ವೈನರಿ ಇದೆ. ವಾರಾಂತ್ಯದಲ್ಲಿ ಬೆಂಗಳೂರಿನವರು ಬಂದು ದ್ರಾಕ್ಷಿ ತುಳಿದು, ಕಾಲು ಕೆಂಪಗೆ ಮಾಡಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ಸಾಲಾಗಿ ಕೂತು ಬಿಳಿಯದರಿಂದ ಕೆಂಪಿನವರೆಗೆ ಒಂದೊಂದೇ ವೈನಿನ ರುಚಿ ನೋಡುತ್ತಾರೆ. ತೆಂಗು, ಹಿಪ್ಪುನೇರಳೆಗಳ ನಾಡಿನಲ್ಲಿ ವೈನ್ ದ್ರಾಕ್ಷಿ ಹೊಸ ನೆಂಟ. ಊರಿಗೆ ಗೊತ್ತಿದ್ದ ದ್ರಾಕ್ಷಿ ಬೇರೆ: ಬೆಂಗಳೂರು ನೀಲಿ. ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ, ಕೋಣೆಯಿಡೀ ಹರಡುವ ವಾಸನೆ. ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇದರ ಬ್ರಾಂದಿ ತುಂಬಿದ್ದ ಪೀಪಾಯಿಯಲ್ಲಿ ಅಮೃತ್ ಒಮ್ಮೆ ವಿಸ್ಕಿಯನ್ನು ಮಾಗಿಸಿಯೂ ಆಗಿದೆ. ಕದಂಬಂ ಎಂಬ ಆ ಮಾಲ್ಟ್ ಶೆರ್ರಿ ವೈನ್, ಬೆಂಗಳೂರು ನೀಲಿಯ ಬ್ರಾಂದಿ, ರಮ್, ಈ ಮೂರರ ಪೀಪಾಯಿಗಳನ್ನೂ ಹೊಕ್ಕು ಬಂದದ್ದು. ಅಂದಮೇಲೆ ನಮ್ಮ ದ್ರಾಕ್ಷಿಗೂ ನಮ್ಮ ಮಾಲ್ಟಿಗೂ ಪರಿಚಯ ಹಳೆಯದೇ.

ಚನ್ನಪಟ್ಟಣದವರಿಗೆ ಮರದ ಸ್ವಭಾವ ಹೇಳಿಕೊಡಬೇಕಿಲ್ಲ. ಬೊಂಬೆ ಮಾಡುವವನು ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಅಲ್ಲಿ ಕಾವು ಬಣ್ಣವನ್ನು ಮರಕ್ಕೆ ಕೊಡುತ್ತದೆ, ಕಂಬೀಪುರದಲ್ಲಿ ಕಾವು ಮರದ ಬಣ್ಣವನ್ನು ಹೊರಗೆಳೆಯುತ್ತದೆ. ಎರಡೂ ಕಡೆ ಕೈ ಎತ್ತುವ ಗಳಿಗೆ ತಪ್ಪಿದರೆ ಕೆಲಸ ಕೆಟ್ಟಿತು.

ಬಿಸಿ ನಾಡಿನಲ್ಲಿ ಕೆಂಪು ವೈನಿನ ಪೀಪಾಯಿ ಎಂಥ ವಿಸ್ಕಿ ಕೊಡಬಲ್ಲದು ಎಂಬುದನ್ನು ತೈವಾನ್ ತೋರಿಸಿದೆ. ಅಲ್ಲಿನ ಕವಲಾನ್ ಭಟ್ಟಿಯವರು ವೈನ್ ಪೀಪಾಯಿಯ ಒಳಮೈಯನ್ನು ಹೆರೆದು, ಹದವಾಗಿ ಕಾಯಿಸಿ, ಮತ್ತೆ ಸುಟ್ಟು ಬಳಸುತ್ತಾರೆ. ಸ್ಕಾಟ್ಲೆಂಡಿನ ತಜ್ಞ ಜಿಮ್ ಸ್ವಾನ್ ರೂಢಿಗೆ ತಂದ ಕ್ರಮವಿದು. ಹುಳಿತ ವೈನಿನ ಪದರ ಹೋಗಿ, ಮರದ ಆಳಕ್ಕಿಳಿದ ಹಣ್ಣಿನ ಅಂಶ ಉಳಿಯುತ್ತದೆ. ಹೀಗೆ ಮಾಗಿದ ಅವರ ವಿನ್ಯೊ ಬಾರೀಕ್ 2015ರಲ್ಲಿ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನಿಸಿಕೊಂಡಿತು.

ಹಾಗಾದರೆ ಇಲ್ಲಿನ ವೈನಿನ ಪೀಪಾಯಿಯಲ್ಲೇ ಇಲ್ಲಿನ ಮಾಲ್ಟನ್ನು ಏಕೆ ಮಾಗಿಸಬಾರದು? ವೈನ್ ಪೀಪಾಯಿಯ ದೊಡ್ಡ ಶತ್ರು ಪ್ರಯಾಣ. ಬರಿದಾದ ಪೀಪಾಯಿ ಒಣಗಿದರೆ ಹಲಗೆಗಳ ನಡುವೆ ಬಿರುಕು ಬಿಡುತ್ತದೆ, ಒಳಗುಳಿದ ವೈನ್ ವಿನೆಗರ್‌ ಆಗಿ ಹುಳಿಯುತ್ತದೆ. ಅದನ್ನು ತಡೆಯಲೆಂದು ಒಳಗೆ ಗಂಧಕದ ಬತ್ತಿ ಉರಿಸಿ ಮುಚ್ಚುವುದುಂಟು. ಆ ಗಂಧಕದ ನಾತ ಕೆಲವೊಮ್ಮೆ ವಿಸ್ಕಿಗೂ ಇಳಿದು, ಲೋಟ ಎತ್ತಿದವನಿಗೆ ಸುಟ್ಟ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಪೋರ್ಚುಗಲ್‌ನಿಂದ ಹಡಗಿನಲ್ಲಿ ಬರುವ ಪೀಪಾಯಿಗೆ ಈ ಕಾಟಗಳೆಲ್ಲ ಇದ್ದದ್ದೇ. ಚನ್ನಪಟ್ಟಣದಿಂದ ಕಂಬೀಪುರಕ್ಕೆ 40 ಕಿಲೋಮೀಟರ್ ಆಸುಪಾಸು. ಬೆಳಗ್ಗೆ ವೈನ್ ಖಾಲಿ ಮಾಡಿದ ಪೀಪಾಯಿಯನ್ನು ಲಾರಿಗೆ ಹಾಕಿದರೆ ಹಲಗೆಯ ಪಸೆ ಆರುವ ಮೊದಲೇ ಅದಕ್ಕೆ ವಿಸ್ಕಿ ತುಂಬಬಹುದು. ಗಂಧಕ ಬೇಡ, ಹಡಗು ಬೇಡ.

ತೊಡಕುಗಳಿಲ್ಲವೆಂದಲ್ಲ. ವೈನಿನ ಬಹುಪಾಲು ಉಕ್ಕಿನ ತೊಟ್ಟಿಯಲ್ಲೇ ಇದ್ದು ಬಾಟಲಿ ಸೇರುವುದೇ ಇಂದಿನ ರೂಢಿ. ಓಕ್ ಪೀಪಾಯಿ ದುಬಾರಿ. ಅಬಕಾರಿಯ ಪರವಾನಗಿಗಳು ಬೇರೆ. ಇಲ್ಲಿನ ದ್ರಾಕ್ಷಿಯ ಒಗರು ಬಾರ್ಲಿಯನ್ನು ನುಂಗಿಹಾಕೀತೆಂಬ ಭಯವೂ ಇದ್ದದ್ದೇ. ಅದನ್ನು ತಿಳಿಯಲು ತುಂಬಿ, ಕಾದು, ವಾರಕ್ಕೊಮ್ಮೆ ರುಚಿ ನೋಡುವ ಹೊರತು ಬೇರೆ ದಾರಿಯಿಲ್ಲ. ಕೆಟ್ಟರೆ ಒಂದು ಪೀಪಾಯಿ ಕೆಟ್ಟೀತು. ಮುಕ್ಕಾಲು ಪಾಲನ್ನು ಬಿಸಿಲಿಗೆ ಕುಡಿಸಿಯೂ ಉಳಿದ ಕಾಲು ಪಾಲಿಗೆ ಬಾಟಲಿ ಹುಡುಕಿದವರ ಊರಿನಲ್ಲಿ ಒಂದು ಪೀಪಾಯಿಯ ನಷ್ಟಕ್ಕೆ ಹೆದರುವವರು ಯಾರು?